ನಾಟಿ ಮದ್ದು, ಆಸ್ಪತ್ರೆ ಮದ್ದು: ಎರಡನ್ನೂ ಮುಚ್ಚಿಡದೆ ತೆಗೆದುಕೊಳ್ಳುವುದು ಹೇಗೆ

1994ರ ಮಳೆಗಾಲ. ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದೆ. ನನ್ನ ಸೋದರಮಾವನಿಗೆ ಟಿಬಿ ಅಂತ ಗೊತ್ತಾಗಿ, ಮಾತ್ರೆ ಶುರುವಾಗಿ ಐದು ವಾರ ಆಗಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಿಫಾಂಪಿಸಿನ್ ಅನ್ನುವ ಟಿಬಿ ಮದ್ದು ನುಂಗುವವರಿಗೆಲ್ಲ ಹಾಗೆ ಆಗುತ್ತದೆ, ಹೆದರಬೇಕಾಗಿಲ್ಲ. ಆದರೆ ಕೆಲವು ದಿನಕ್ಕೆ ಕಣ್ಣೂ ಹಳದಿಯಾಯಿತು. ಅನ್ನ ಸೇರಲಿಲ್ಲ. ಮಾವ ಸೀದಾ ಹೊಸನಗರ ತಾಲೂಕಿನ ನಮ್ಮ ಮನೆಗೆ ಬಂದ. ನನ್ನ ಅಪ್ಪನ ಅಪ್ಪ, ಅಂದರೆ ನಮ್ಮ ಅಜ್ಜ, ಕಾಮಾಲೆಗೆ ಮದ್ದು ಕೊಡುತ್ತಿದ್ದರು.

ಅಜ್ಜ ಮೂರು ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪು ಅರೆದು ಹಾಲಿನಲ್ಲಿ ಕೊಟ್ಟರು. ಉಪ್ಪು, ಹುಳಿ, ಎಣ್ಣೆ ಬಿಡು ಅಂದರು. ಟಿಬಿ ಮಾತ್ರೆಯ ವಿಷಯ ಮಾವ ಹೇಳಲಿಲ್ಲ, ಅಜ್ಜ ಕೇಳಲಿಲ್ಲ. ಮಾವನಿಗೆ ನಾಚಿಕೆ. ಟಿಬಿ ಅಂದರೆ ಪಂಕ್ತಿಯಲ್ಲಿ ಪಕ್ಕ ಕೂರದಿದ್ದ ಕಾಲ ಅದು. ಮಾತ್ರೆ ಕೊಟ್ಟ ಕಡೆಯೂ 'ಕಣ್ಣು ಹಳದಿಯಾದರೆ ತಕ್ಷಣ ಬಾ' ಅಂತ ಯಾರೂ ಹೇಳಿರಲಿಲ್ಲ. ಮೂರು ದಿನದ ಮದ್ದು ಮುಗಿದ ಮೇಲೂ ಪಥ್ಯದಲ್ಲೇ ಇದ್ದ, ಗುಣವಾಗುತ್ತದೆ ಅಂತ ಕಾದ. ಅಂತೂ ಹನ್ನೊಂದು ದಿನ ಆತ ಲಿವರ್ ಕೆಡಿಸುತ್ತಿದ್ದ ಮಾತ್ರೆಯನ್ನು ನುಂಗುತ್ತಲೇ ಲಿವರ್ ಸರಿಯಾಗಲಿ ಅಂತ ಕಾಯುತ್ತಿದ್ದ.

ಶನಿವಾರ ನಾನು ಊರಿಗೆ ಬಂದಾಗ ಅವನ ಮಾತು ತೊದಲುತ್ತಿತ್ತು. ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಮಾಡಿದ ಮೊದಲ ಕೆಲಸ ಟಿಬಿ ಮಾತ್ರೆ ನಿಲ್ಲಿಸಿದ್ದು. ಮೂರು ವಾರಕ್ಕೆ ಲಿವರ್ ಸುಧಾರಿಸಿತು. ಆಮೇಲೆ ಒಂದೊಂದೇ ಮಾತ್ರೆ ಮತ್ತೆ ಶುರು ಮಾಡಿದರು. ಮಾವ ಉಳಿದ.

ಅಜ್ಜ ಅವತ್ತಿನಿಂದ ಬದಲಾದರು. ಮದ್ದಿಗೆ ಬಂದವರನ್ನು ಜಗುಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಮೊದಲು ಕೇಳುತ್ತಿದ್ದದ್ದು ಒಂದೇ: "ಇಂಗ್ಲಿಷ್ ಮಾತ್ರೆ ಏನಾದ್ರೂ ನುಂಗ್ತಿದ್ದೀಯೇನೋ? ಇದ್ರೆ ಚೀಟಿ ತಗಂಡ್ ಬಾ. ನನ್ನ ಮೊಮ್ಮಗಳು ಓದ್ತಾಳೆ."

ನಮ್ಮ ಕಡೆ ಒಂದೇ ದಾರಿ ಹಿಡಿದವರು ಕಡಿಮೆ. ಬೆಳಗ್ಗೆ ಪಿಎಚ್‌ಸಿ, ಸಂಜೆ ನಾಟಿ ವೈದ್ಯರು, ನಡುವೆ ಊರ ಚೌಡಮ್ಮನಿಗೊಂದು ಹರಕೆ. ಅದನ್ನು ತಪ್ಪು ಅನ್ನಲು ನಾನು ಕೂತಿಲ್ಲ. ಎರಡೂ ಕಡೆ ಹೋಗುವುದಾದರೆ ಹೇಗೆ ಹೋಗಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ಇದರಲ್ಲಿ ಅರ್ಧ ನಮ್ಮ ಜಗುಲಿಯಲ್ಲಿ ಕಲಿತದ್ದು, ಇನ್ನರ್ಧ ಆಫ್ರಿಕಾದಲ್ಲಿ.

2008ರಿಂದ 2013ರವರೆಗೆ ನಾನು ಟಾಂಜಾನಿಯದ ದಾರ್ ಎಸ್ ಸಲಾಮ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅಲ್ಲಿ ಮದ್ದಿಗೆ 'ದಾವಾ' ಅನ್ನುತ್ತಾರೆ. ನಮ್ಮ ದವಾಖಾನೆಯ ದವಾ ಅದೇ, ಎರಡೂ ಅರಬ್ಬಿಯಿಂದ ಬಂದ ಮಾತು. ನಾಟಿ ವೈದ್ಯರಿಗೆ 'ಮ್ಗಾಂಗಾ'. ವಾರ್ಡಿಗೆ ಸೇರಿದವರ ಚೀಲದಲ್ಲಿ ಬಟ್ಟೆ ಸುತ್ತಿದ ಒಂದು ಬಾಟಲಿ ಇರುತ್ತಿತ್ತು, ಕಂದು ಬಣ್ಣದ ಕಷಾಯ. ನಾವು ಬಂದ ಕೂಡಲೇ ದಿಂಬಿನ ಅಡಿಗೆ ಹೋಗುತ್ತಿತ್ತು. ನನಗೆ ಹೊಸನಗರದಲ್ಲೇ ಇದ್ದ ಹಾಗೆ ಅನ್ನಿಸುತ್ತಿತ್ತು.

ನಮ್ಮ ಮೇಟ್ರನ್, ಅಂದರೆ ನರ್ಸ್‌ಗಳ ಮುಖ್ಯಸ್ಥೆ, ಟಾಂಗಾ ಊರಿನವರು. ಅಲ್ಲಿ 1990ರ ದಶಕದಲ್ಲೇ ಸರ್ಕಾರಿ ಬೊಂಬೊ ಆಸ್ಪತ್ರೆಯ ಡಾಕ್ಟರುಗಳೂ ನಾಟಿ ವೈದ್ಯರೂ ಸೇರಿ ಏಡ್ಸ್ ರೋಗಿಗಳನ್ನು ನೋಡಲು ಶುರು ಮಾಡಿದ್ದರು. ಎಚ್‌ಐವಿ ಮಾತ್ರೆ ಆಗ ಬಡವರ ಕೈಗೆ ಸಿಗುತ್ತಿರಲಿಲ್ಲ. ಪರೀಕ್ಷೆ ಆಸ್ಪತ್ರೆಯದು. ಹಸಿವಾಗಲು, ಚರ್ಮದ ಹುಣ್ಣಿಗೆ, ಬಾಯಿಹುಣ್ಣಿಗೆ ಬೇರು ತೊಗಟೆಯ ಮದ್ದು ವೈದ್ಯರದು. ಒಬ್ಬರ ಕೈ ಮೀರಿದ್ದನ್ನು ಇನ್ನೊಬ್ಬರಿಗೆ ಕಳಿಸುತ್ತಿದ್ದರು. 2002ರಲ್ಲಿ ಟಾಂಜಾನಿಯ ನಾಟಿ ವೈದ್ಯರ ನೋಂದಣಿಗೆ ಕಾಯ್ದೆಯನ್ನೇ ಮಾಡಿತು. ದಕ್ಷಿಣ ಆಫ್ರಿಕಾ 2007ರಲ್ಲಿ ಮಾಡಿತು.

ಇನ್ನೊಂದು ಮುಖವನ್ನೂ ಅಲ್ಲೇ ನೋಡಿದೆ. 2011ರಲ್ಲಿ ಲೋಲಿಯೊಂಡೊ ಕಡೆಯ ಸಮುಂಗೆ ಅನ್ನುವ ಹಳ್ಳಿಯಲ್ಲಿ ನಿವೃತ್ತ ಪಾದ್ರಿಯೊಬ್ಬರು ಲೋಟಕ್ಕೆ 500 ಶಿಲ್ಲಿಂಗ್‌ನಂತೆ ಒಂದು ಕಷಾಯ ಕೊಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ಹದಿನೈದು ರೂಪಾಯಿ. ಅದು ನಮ್ಮ ಕೌಳಿ ಹಣ್ಣಿನ ಜಾತಿಯದ್ದೇ ಒಂದು ಗಿಡ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಎಚ್‌ಐವಿ ಎಲ್ಲಕ್ಕೂ ಅದೇ ಲೋಟ. ಕಿಲೋಮೀಟರುಗಟ್ಟಲೆ ವಾಹನಗಳ ಸಾಲು ನಿಂತಿತು. ಟಿವಿಯಲ್ಲಿ ನೋಡಿ ನನಗೆ ಸಾಗರ ತಾಲೂಕಿನ ನರಸೀಪುರದಲ್ಲಿ ತೊಗಟೆ ಮದ್ದಿಗೆ ಕಾಯುತ್ತಿದ್ದವರ ಮುಖ ನೆನಪಾಯಿತು. ಕಾಯುವವರ ಕಣ್ಣಿನ ಆಸೆ ಎಲ್ಲಿ ಹೋದರೂ ಒಂದೇ. ಆದರೆ ಲೋಲಿಯೊಂಡೊ ಸಾಲಿಗೆ ಜನ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಹೋದರು. ಸಾಲಿನಲ್ಲೇ ಎಷ್ಟೋ ಜನ ತೀರಿಕೊಂಡರು. ನಮ್ಮ ವಾರ್ಡಿನಿಂದ ಹೋದ ಒಬ್ಬಾಕೆ ಎಚ್‌ಐವಿ ಮಾತ್ರೆ ನಿಲ್ಲಿಸಿ, ಐದು ತಿಂಗಳ ಮೇಲೆ ಮೂಳೆ ಚಕ್ಕಳವಾಗಿ ವಾಪಸ್ ಬಂದಳು. ಆ ಕಷಾಯ ಅವಳಿಗೆ ಏನು ಮಾಡಿತೋ ನನಗೆ ಗೊತ್ತಿಲ್ಲ. ಮಾತ್ರೆ ನಿಲ್ಲಿಸಿದ್ದು ಏನು ಮಾಡಿತು ಅಂತ ನೋಡಿದ್ದೇನೆ.

ಟಾಂಗಾದಲ್ಲಿ ಒಂದರ ಜೊತೆ ಇನ್ನೊಂದು. ಲೋಲಿಯೊಂಡೊದಲ್ಲಿ ಒಂದನ್ನು ಬಿಟ್ಟು ಇನ್ನೊಂದು. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಎಲ್ಲಿಗೆ

ಕೆಲವಕ್ಕೆ ಮೊದಲು ಆಸ್ಪತ್ರೆಯೇ. ಇದರಲ್ಲಿ ನಾನು ಯಾರ ಜೊತೆಯೂ ರಾಜಿ ಮಾಡಿಕೊಳ್ಳುವುದಿಲ್ಲ.

ಹಾವು ಕಚ್ಚಿದರೆ 108ಕ್ಕೆ ಫೋನ್ ಮಾಡಿ. ಗಾಡಿ ಇದ್ದರೆ ಕಾಯದೆ ಹೊರಡಿ. ಕಚ್ಚಿದ ಕೈಕಾಲಿನ ಉಂಗುರ, ಬಳೆ, ಕಾಲುಂಗುರ ಮೊದಲು ತೆಗೆಯಿರಿ, ಆಮೇಲೆ ಊತ ಬಂದರೆ ತೆಗೆಯಲು ಆಗುವುದಿಲ್ಲ. ಮೂಳೆ ಮುರಿದವರಿಗೆ ಕಟ್ಟುವ ಹಾಗೆ ದಬ್ಬೆ ಇಟ್ಟು ಅಲುಗಾಡದಂತೆ ಮಾಡಿ. ಬಿಗಿಯಾಗಿ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಕಚ್ಚಿದ ಗಂಟೆ ಕೈಮೇಲೆ ಪೆನ್ನಿನಲ್ಲಿ ಬರೆದುಬಿಡಿ.

'ಇಂಥವರು ಸೊಪ್ಪು ಕುಡಿಸಿ ಎಷ್ಟು ಜನರನ್ನು ಉಳಿಸಿಲ್ಲ' ಅಂತ ಕೇಳುತ್ತಾರೆ. ನಿಜ, ಉಳಿದಿದ್ದಾರೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದ್ದೇ ಜಾಸ್ತಿ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಸೊಪ್ಪು ಕುಡಿದರೂ ಉಳಿಯುತ್ತಾರೆ, ಕುಡಿಯದಿದ್ದರೂ ಉಳಿಯುತ್ತಾರೆ. ನಿಮ್ಮ ಮನೆಯವರಿಗೆ ಕಚ್ಚಿದ್ದು ಯಾವುದು ಅಂತ ಜಗುಲಿಯಲ್ಲಿ ಕೂತು ಹೇಳಲು ಆಗುವುದಿಲ್ಲ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದರೆ ನೋವೂ ಇರುವುದಿಲ್ಲ, ಬೆಳಗಿನ ಜಾವ ರೆಪ್ಪೆ ಬಿದ್ದು ಉಸಿರು ನಿಲ್ಲುತ್ತದೆ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ನೋಡುತ್ತಾರೆ. ನಮ್ಮ ಅಡಿಕೆ ತೋಟದ ದರಗಿನಲ್ಲಿ, ಅಂದರೆ ಒಣ ಎಲೆಯ ರಾಶಿಯಲ್ಲಿ, ಮೂಗು ಮೇಲೆದ್ದ ಸಣ್ಣ ಮಂಡಲವೊಂದಿದೆ. ಅದರ ವಿಷಕ್ಕೆ ಇಲ್ಲಿ ಸಿಗುವ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಎಸ್‌ವಿ ನಾಟುವುದಿಲ್ಲ. ಹಾಗಂತ ಮನೆಯಲ್ಲಿ ಕೂರುವಂತಿಲ್ಲ. ಕಿಡ್ನಿ ಕೆಡದ ಹಾಗೆ ನೋಡಿಕೊಳ್ಳಲು ಆಸ್ಪತ್ರೆಯೇ ಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ನಿಯಮವೂ ಬಂದಿದೆ.

ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗಿ ಬಂದವರಿಗೆ, ದರಗು ತಂದವರಿಗೆ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ, ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆಂದೇ ಇರುವ ಮಾತ್ರೆ ಯಾರ ಹತ್ತಿರವೂ ಇಲ್ಲ, ಡಾಕ್ಟರ ಹತ್ತಿರವೂ ಇಲ್ಲ. ಆದರೆ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಶುರುವಾದರೆ ಸಂಭಾಳಿಸುವುದು ಆಸ್ಪತ್ರೆಯಲ್ಲಿ ಮಾತ್ರ ಆಗುತ್ತದೆ. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಜೀರಿಗೆ ಕಷಾಯ, ಗಂಜಿ ತಿಳಿ ಕುಡಿಸುತ್ತಾ ಇರಿ, ಅದು ಒಳ್ಳೆಯದೇ.

ಮಗುವಿಗೆ ಫಿಟ್ಸ್ ಬಂದಾಗ ಬರೆ ಹಾಕುವುದು, ಎದೆನೋವಿಗೆ ಗ್ಯಾಸ್ ಅಂತ ಇಂಗು ನೀರು ಕುಡಿಸಿ ಮಲಗಿಸುವುದು, ಬಸುರಿಗೆ ರಕ್ತ ಹೋಗುವಾಗ ಬೇರು ಕಟ್ಟುವುದು, ನಾಯಿ ಕಚ್ಚಿದಾಗ ಇಂಜೆಕ್ಷನ್ ಬಿಟ್ಟು ಮದ್ದು ಕುಡಿಸುವುದು. ಇವು ನಾಲ್ಕೂ ಬೇಡ.

ಕಾಮಾಲೆ, ಮೂಳೆ, ಸರ್ಪಸುತ್ತು

ಇವಕ್ಕೆ ಜನ ನಾಟಿ ವೈದ್ಯರ ಹತ್ತಿರವೇ ಹೋಗುತ್ತಾರೆ, ಹೋಗುತ್ತಲೇ ಇರುತ್ತಾರೆ. ಹೋಗಿ. ಆದರೆ ಪರೀಕ್ಷೆ ಮುಗಿಸಿ ಹೋಗಿ.

ಕಣ್ಣು ಹಳದಿಯಾಗುವುದು ಒಂದು ಗುರುತು ಮಾತ್ರ. ಅದರ ಹಿಂದೆ ಹತ್ತು ಕಾರಣ ಇರಬಹುದು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಆದರೆ ಬಹುಪಾಲು ಜನಕ್ಕೆ ಕೆಲವು ವಾರದಲ್ಲಿ ತಾನೇ ವಾಸಿಯಾಗುತ್ತದೆ. ಅಜ್ಜನೇ ಕೊನೆಗಾಲದಲ್ಲಿ ಹೇಳಿದ್ದರು: "ಹತ್ತರಲ್ಲಿ ಎಂಟು ಜನರನ್ನ ದೇವರೇ ಗುಣ ಮಾಡ್ತಾನೆ ಕಣೇ. ಹೆಸರು ಮಾತ್ರ ನಂಗೆ." ಉಳಿದ ಇಬ್ಬರಿಗಾಗಿ ಪರೀಕ್ಷೆ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಜೊತೆಗೆ ಹಳದಿ ಬಂದರೆ ಇಲಿ ಜ್ವರ ಇರಬಹುದು, ತಡಮಾಡಿದರೆ ಕಿಡ್ನಿ ಹೋಗುತ್ತದೆ. ಮಲ ಸುಣ್ಣದ ಹಾಗೆ ಬೆಳ್ಳಗಾಗಿ ಮೈಯೆಲ್ಲಾ ತುರಿಕೆ ಬಂದರೆ ಪಿತ್ತದ ದಾರಿ ಕಟ್ಟಿರಬಹುದು, ಕಲ್ಲೋ ಗಡ್ಡೆಯೋ. ನಮ್ಮ ಮಾವನದು ಮಾತ್ರೆಯಿಂದ ಬಂದದ್ದು. ಸುಮ್ನೆ ಕಣ್ಣು ನೋಡಿದರೆ ಎಲ್ಲಾ ಒಂದೇ ಹಳದಿ. ಲಿವರ್ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದು ಸೊಪ್ಪಿಗೆ ಹೋಗಿ.

ಮೂಳೆಗೆ ಮೊದಲು ಎಕ್ಸ್‌ರೇ. ಕಟ್ಟು ಹಾಕಿಸಿಕೊಂಡ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಿ. ನಾಳೆ ಬೆಳಗ್ಗೆ ನೋಡೋಣ ಅನ್ನಬೇಡಿ. ಮಕ್ಕಳ ಮೊಣಕೈ ಮುರಿದರೆ ಕಟ್ಟುವವರ ಹತ್ತಿರ ಹೋಗಲೇಬೇಡಿ, ಅಲ್ಲಿ ರಕ್ತನಾಳ ಮೂಳೆಗೆ ಅಂಟಿಕೊಂಡ ಹಾಗೇ ಹೋಗುತ್ತದೆ.

ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿದರೆ ಉರಿ ತಣ್ಣಗಾದ ಹಾಗೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಒಡೆದ ಗುಳ್ಳೆಗೆ ಮಣ್ಣು ಬೇಡ. ಗುಳ್ಳೆ ಎದ್ದ ಮೂರು ದಿನದೊಳಗೆ ಆಸ್ಪತ್ರೆಯ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಹಣೆ, ಮೂಗಿನ ತುದಿ, ಕಣ್ಣಿನ ಹತ್ತಿರ ಬಂದರೆ ಅದೇ ದಿನ ಕಣ್ಣಿನ ಡಾಕ್ಟರು.

ಒಂದು ದಫ್ತರ ಇಡಿ

ಟಾಂಜಾನಿಯದಲ್ಲಿ ನೋಟ್ ಪುಸ್ತಕಕ್ಕೆ 'ದಫ್ತಾರಿ' ಅನ್ನುತ್ತಾರೆ, ನಮ್ಮ ದಫ್ತರವೇ. ನಮ್ಮ ಮೇಟ್ರನ್ ರೋಗಿಗಳಿಗೆ ಒಂದೊಂದು ಕೊಡಿಸುತ್ತಿದ್ದರು. ಎಡಪುಟದಲ್ಲಿ ಆಸ್ಪತ್ರೆ ಮದ್ದು, ಬಲಪುಟದಲ್ಲಿ ಉಳಿದದ್ದೆಲ್ಲ. ನಾನೂ ಊರಿಗೆ ಬಂದ ಮೇಲೆ ಅದನ್ನೇ ಮಾಡಿಸುತ್ತಿದ್ದೇನೆ. ಹತ್ತು ರೂಪಾಯಿಯ ನೋಟ್ ಪುಸ್ತಕ ಸಾಕು.

ಬಲಪುಟದಲ್ಲಿ ಏನೇನು? ನಾಟಿ ಮದ್ದು ಯಾರು ಕೊಟ್ಟರು, ಯಾವ ದಿನ ಶುರು, ಯಾವ ದಿನ ನಿಲ್ಲಿಸಿದ್ದು, ಎಷ್ಟು ಹೊತ್ತಿಗೆ, ಪಥ್ಯ ಏನು. ಮೊಬೈಲಿನಲ್ಲಿ ಬಂದ ಸಲಹೆ ನೋಡಿ ಕುಡಿದ ಕಷಾಯವೂ ಸೇರಬೇಕು. ಅದನ್ನು ಜನ ಮದ್ದು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ?

'ಸೊಪ್ಪು ತಾನೆ, ಏನಾಗುತ್ತೆ' ಅನ್ನುವವರಿಗೆ ನಾನು ಅಂಗಳದ ನಿತ್ಯಪುಷ್ಪ ತೋರಿಸುತ್ತೇನೆ. ಅದರ ತವರು ಮಡಗಾಸ್ಕರ್. ಬೇರೆ ಬೇರೆ ದೇಶದ ಹಳ್ಳಿಗಳಲ್ಲಿ ಅದನ್ನು ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಸಕ್ಕರೆ ಇಳಿಯುತ್ತದೆಯಾ ನೋಡಲು ಹೋದರೆ, ಇಳಿದದ್ದು ಬಿಳಿ ರಕ್ತಕಣ. ಹಾಗೆ ಬಂದದ್ದು ವಿನ್‌ಬ್ಲಾಸ್ಟಿನ್. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇವತ್ತೂ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ಮದ್ದು. ಹಳ್ಳಿಯವರು ಗಿಡದಲ್ಲಿ ಶಕ್ತಿ ಇದೆ ಅಂದದ್ದು ಸುಳ್ಳಾಗಲಿಲ್ಲ. ಆದರೆ ಅಂಥ ಗಿಡದ ಎಲೆಯನ್ನು ದಿನಾ ಬೆಳಗ್ಗೆ ಅಗಿಯುವ ಹಿರಿಯರು ನಮ್ಮೂರಲ್ಲಿ ಮೂರು ಜನ ಇದ್ದಾರೆ. ಅವರ ದಫ್ತರದಲ್ಲಿ ಅದು ಬರೆದಿರಲೇಬೇಕು.

ಕೆಲವು ಜೋಡಿಗಳನ್ನು ದಫ್ತರದ ರಟ್ಟಿನ ಮೇಲೆ ಬರೆದಿಡಿ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಹಾಗಲಕಾಯಿ ರಸ, ಮಧುನಾಶಿನಿ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ಅದರ ಮೇಲೆ ಉಪವಾಸದಂಥ ಪಥ್ಯ ಇದ್ದರೆ ಇನ್ನೂ ಅಪಾಯ. ಬಿಪಿ ಇರುವವರಿಗೆ ಜೇಷ್ಠಮಧು ತಿಂಗಳುಗಟ್ಟಲೆ ಬೇಡ, ಬಿಪಿ ಏರುತ್ತದೆ, ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ವಾಲ್ವ್ ಬದಲಾಯಿಸಿ ರಕ್ತ ತೆಳುವಾಗುವ ಮಾತ್ರೆ ನುಂಗುವವರು ಯಾವ ಕಷಾಯವನ್ನೂ ಕೇಳದೆ ಕುಡಿಯಬಾರದು. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ಕೊರೋನಾ ಕಾಲದಲ್ಲಿ ಮುಂಬೈ ಡಾಕ್ಟರುಗಳು ದಾಖಲಿಸಿದ್ದಾರೆ. ಊಟದ ತಂಬುಳಿ, ಸಾರಿನ ಅರಿಶಿನ ಇದರಲ್ಲಿ ಬರುವುದಿಲ್ಲ, ಗಾಬರಿ ಬೇಡ.

ಎರಡೂ ಕಡೆ ಬಾಯಿ ಬಿಡುವುದು

ಕಷ್ಟ ಇರುವುದು ಇಲ್ಲೇ. ಡಾಕ್ಟರು ಬೈಯುತ್ತಾರೆ ಅನ್ನುವ ಭಯ. ಬೈದದ್ದನ್ನು ನಾನೂ ಕೇಳಿದ್ದೇನೆ. ಅದಕ್ಕೇ ಒಳಗೆ ಹೋದ ಕೂಡಲೇ, ಅವರು ಚೀಟಿ ಬರೆಯಲು ಶುರು ಮಾಡುವ ಮೊದಲೇ, ದಫ್ತರ ಮೇಜಿನ ಮೇಲೆ ಇಟ್ಟುಬಿಡಿ. ಬಾಯಿಯಲ್ಲಿ ಇಷ್ಟು ಹೇಳಿದರೆ ಸಾಕು: "ಡಾಕ್ಟ್ರೇ, ಎಂಟು ದಿನದಿಂದ ಇದನ್ನೂ ತಗೊಳ್ತಿದ್ದೀನಿ. ನಿಮ್ಮ ಮಾತ್ರೆ ಬಿಟ್ಟಿಲ್ಲ. ನಿಲ್ಲಿಸಬೇಕಾ ಹೇಳಿ." ಆಪರೇಷನ್ ಇದ್ದರೆ ಹಿಂದಿನ ದಿನ ಹೇಳಿದರೆ ಸಾಲದು, ದಿನ ಗೊತ್ತು ಮಾಡುವಾಗಲೇ ಹೇಳಿ.

ಇದನ್ನು ಓದುತ್ತಿರುವ ನರ್ಸ್ ಅಕ್ಕತಂಗಿಯರು, ಆಶಾ ಕಾರ್ಯಕರ್ತೆಯರು ಇದ್ದರೆ ನನ್ನ ಮೇಟ್ರನ್ ಕಲಿಸಿದ್ದನ್ನು ಕೇಳಿ. 'ನಾಟಿ ಮದ್ದು ತಗೊಂಡ್ರಾ?' ಅಂತ ಕೇಳಿದರೆ 'ಇಲ್ಲ' ಅನ್ನುತ್ತಾರೆ. 'ಇದರ ಜೊತೆ ಇನ್ನೇನು ತಗೊಳ್ತಿದ್ದೀರಮ್ಮ?' ಅಂತ ಕೇಳಿದರೆ ಬಾಟಲಿ ದಿಂಬಿನ ಅಡಿಯಿಂದ ಹೊರಗೆ ಬರುತ್ತದೆ.

ನಾಟಿ ವೈದ್ಯರ ಜಗುಲಿಯಲ್ಲೂ ಆಸ್ಪತ್ರೆ ಚೀಟಿ ತೋರಿಸಿ. ಮದ್ದು ಎಷ್ಟು ದಿನ, ಎಷ್ಟು ದಿನದಲ್ಲಿ ಗುಣ ಕಾಣದಿದ್ದರೆ ಬೇರೆ ಕಡೆ ಹೋಗಬೇಕು ಅಂತ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಉತ್ತರ ಕೊಡುತ್ತಾರೆ. ಅಜ್ಜ ಏಳು ದಿನ ಅನ್ನುತ್ತಿದ್ದರು. 'ಇಂಗ್ಲಿಷ್ ಮಾತ್ರೆ ಪಥ್ಯಕ್ಕೆ ಆಗಲ್ಲ, ಎಲ್ಲಾ ಬಿಡು' ಅಂದವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಟಿಬಿ, ಎಚ್‌ಐವಿ, ಫಿಟ್ಸ್, ಇನ್ಸುಲಿನ್, ಹೃದಯದ ಮಾತ್ರೆ, ಇವನ್ನು ನಿಲ್ಲಿಸುವ ಮಾತು ಬರೆದುಕೊಟ್ಟ ಡಾಕ್ಟರ ಬಾಯಿಂದ ಮಾತ್ರ ಬರಬೇಕು.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ನನಗೆ ನೈಜೀರಿಯಾದ ಅರೋ ನೆನಪಾಗುತ್ತದೆ. 1954ರಲ್ಲಿ ಅಬೆಯೊಕುಟಾ ಊರಿನ ಹತ್ತಿರ ಡಾ. ಥಾಮಸ್ ಅಡೆಯೊಯೆ ಲ್ಯಾಂಬೊ ಅನ್ನುವ ಮನೋವೈದ್ಯರು ರೋಗಿಗಳನ್ನು ಕೋಣೆಯಲ್ಲಿ ಕೂಡಿಹಾಕದೆ, ಸುತ್ತಲ ಹಳ್ಳಿಯ ಮನೆಗಳಲ್ಲಿ ಅವರ ಬಂಧುಗಳ ಜೊತೆಗೇ ಇರಿಸಿದರು. ಹಗಲು ಆಸ್ಪತ್ರೆಯ ಚಿಕಿತ್ಸೆ, ಉಳಿದ ಹೊತ್ತು ಊರಿನ ಬದುಕು. ಊರಿನ ಸಾಂಪ್ರದಾಯಿಕ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡರು. ನಮ್ಮಲ್ಲಿ ಮಗ ಒಬ್ಬನೇ ಮಾತಾಡುತ್ತಾನೆ, ನಿದ್ದೆ ಮಾಡುವುದಿಲ್ಲ ಅಂದರೆ ಮೊದಲು ದೇವರ ನುಡಿ ಕೇಳುತ್ತಾರೆ. ಕೇಳಿ. ಪೂಜೆ ಮಾಡಿಸಿ, ಮನೆಯವರಿಗೆ ಧೈರ್ಯ ಬರುತ್ತದೆ. ಆದರೆ ಅದೇ ವಾರ ಮನೋವೈದ್ಯರನ್ನೂ ನೋಡಿ. ತೀರ್ಥ ಕುಡಿದ ಲೋಟದಲ್ಲೇ ಮಾತ್ರೆ ನುಂಗಿಸಿ. ಹೊಡೆಯುವವರ, ಕಟ್ಟಿಹಾಕುವವರ, ಹೊಗೆ ಹಾಕುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ.

ಹೆಸರು ಹೇಳದ ಸೊಪ್ಪು

'ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ' ಅನ್ನುತ್ತಾರೆ ನಮ್ಮ ವೈದ್ಯರು. ಇದು ಸ್ವಾರ್ಥ ಅಂತ ನಾನು ಅನ್ನುವುದಿಲ್ಲ. ಅಪ್ಪನಿಂದ ಮಗನಿಗೆ ಬಂದ ಕಟ್ಟು ಅದು. ಘಾನಾದಲ್ಲಿ ಡಾ. ಓಕು ಆಂಪೋಫೋ 1975ರಲ್ಲಿ ಮಂಪೊಂಗ್ ಊರಿನಲ್ಲಿ ಗಿಡಮದ್ದಿನ ಸಂಶೋಧನಾ ಕೇಂದ್ರ ಕಟ್ಟಿದರು. ಗಿಡಮದ್ದಿನಲ್ಲಿ ವಿಷ ಇದೆಯಾ ಅಂತ ಅಲ್ಲಿ ಪರೀಕ್ಷೆ ಮಾಡುತ್ತಾರೆ, ಪಕ್ಕದಲ್ಲೇ ಚಿಕಿತ್ಸೆಯೂ ನಡೆಯುತ್ತದೆ. ನಮ್ಮ ತಾಲೂಕಿನಲ್ಲಿ ಅಂಥದ್ದೊಂದು ಇದ್ದಿದ್ದರೆ ಅಜ್ಜ ಹೋಗುತ್ತಿದ್ದರು ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಇಲ್ಲದಾಗ ನಾವು ಮನೆಯಲ್ಲೇ ಒಂದು ದಾರಿ ಮಾಡಿಕೊಂಡೆವು. ಮದ್ದು ಕೊಟ್ಟಾಗ ಅಜ್ಜ ಸೊಪ್ಪಿನ ಹೆಸರು, ಪ್ರಮಾಣ ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಗೋಂದು ಅಂಟಿಸಿ ರೋಗಿಯ ಕೈಗೆ ಕೊಡುತ್ತಿದ್ದರು. ಮೇಲೆ 'ಡಾಕ್ಟರಿಗೆ ಮಾತ್ರ' ಅಂತ ನನ್ನ ಅಕ್ಷರ. ಗುಣವಾದರೆ ಲಕೋಟೆ ಒಡೆಯದೆ ವಾಪಸ್ ತರಬೇಕು, ಒಂದು ತೆಂಗಿನಕಾಯಿಯ ಜೊತೆ. ಕೆಟ್ಟರೆ ಆಸ್ಪತ್ರೆಯಲ್ಲಿ ಒಡೆಯಬೇಕು. ನಿಮ್ಮ ವೈದ್ಯರ ಹತ್ತಿರ ಹೀಗೆ ಕೇಳಿ ನೋಡಿ, ಎಷ್ಟೋ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಅರೆದ ಸೊಪ್ಪಿನಲ್ಲಿ ಒಂದು ಚಮಚ, ಇಲ್ಲವೇ ಬಾಟಲಿಯ ತಳದ ಕಷಾಯ ಎತ್ತಿಟ್ಟುಕೊಳ್ಳಿ, ಆಸ್ಪತ್ರೆಗೆ ಹೋಗುವಾಗ ಅದನ್ನು ಒಯ್ಯಿರಿ.

ಅಜ್ಜ 2003ರಲ್ಲಿ ತೀರಿಕೊಂಡರು. ದೇವರ ಕೋಣೆಯ ಹಿತ್ತಾಳೆ ಡಬ್ಬಿಯಲ್ಲಿ ವಾಪಸ್ ಬಂದ 212 ಲಕೋಟೆ ಇದ್ದವು. ಒಡೆದು ಬಂದದ್ದು ಒಂಬತ್ತು. ಆ ಒಂಬತ್ತರ ಬೆನ್ನಿಗೂ ಆಸ್ಪತ್ರೆಯಲ್ಲಿ ಏನು ಕಾಯಿಲೆ ಅಂದರು ಅನ್ನುವುದನ್ನು ಅಜ್ಜ ಕೇಳಿ ಬರೆಸಿಕೊಂಡಿದ್ದರು.